ಎಡಗಣ್ಣು, ಒಂದು

ನಮ್ಮ ಚಿಕ್ಕಮ್ಮ ಹೆದರದಂಥ ವಸ್ತು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ ಎಂದು ನನ್ನಮ್ಮ ಹೇಳುತ್ತಾಳೆ. ಅಕ್ಕನಾದವಳು ತಂಗಿಯನ್ನು ಹೀಗೆ ಆಡಿಕೊಳ್ಳುವುದು ನ್ಯಾಯವಲ್ಲ, ಆದರೆ ಸುಳ್ಳೂ ಅಲ್ಲ. ಚಿಕ್ಕಮ್ಮ ಲಿಫ್ಟಿಗೆ ಹೆದರುತ್ತಾಳೆ, ನಡುವೆ ನಿಂತುಬಿಟ್ಟರೆ ಎಂದು. ಮೆಟ್ಟಿಲಿಗೂ ಹೆದರುತ್ತಾಳೆ, ಕಾಲು ಜಾರಿದರೆ ಎಂದು. ಫೋನು ಸ್ವಲ್ಪ ಹೆಚ್ಚು ಹೊತ್ತು ಬಡಿದುಕೊಂಡರೆ ಯಾರೋ ತೀರಿಕೊಂಡರೆಂದೇ ಅವಳ ಎಣಿಕೆ. ಎದುರಿನಿಂದ ಸಮವಸ್ತ್ರ ತೊಟ್ಟವರು ಬಂದರೆ, ಅದು ಅಂಚೆಯವನೇ ಆಗಿರಲಿ, ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಚಿಕ್ಕಮ್ಮನಿಗೆ ಕಳ್ಳ ಎನ್ನುವುದೂ ಬೇಡ, ಕುಂಬಳಕಾಯಿ ಎಂದರೆ ಸಾಕು. ಮದುವೆಯನ್ನೂ ಹೆದರಿಯೇ ಒಲ್ಲೆ ಎಂದಳಂತೆ. ಈಗ ಅವಳಿಗೆ ನಲವತ್ತೊಂಬತ್ತು.

ಇಂಥವಳ ಕಸುಬು ಏನು ಗೊತ್ತೇ? ಕಣ್ಣು ಕಳೆದುಕೊಂಡವರಿಗೆ ಕಣ್ಣು ಮಾಡಿಕೊಡುವುದು. ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮದೊಂದು ಕೋಣೆ. ಕಿಟಕಿಯ ಹತ್ತಿರ ಅವಳ ಮೇಜು, ಬಾಗಿಲ ಹತ್ತಿರ ಪತ್ರ, ಲೆಕ್ಕ ಬರೆಯುವ ನನ್ನದು. ಅವಳ ಮೇಜಿನ ಡ್ರಾಯರ್ ಎಳೆದರೆ ಹಸಿರು ಬಟ್ಟೆಯ ಮೇಲೆ ಸಾಲಾಗಿ ಅರವತ್ತು ಕಣ್ಣುಗಳು ನಿಮ್ಮನ್ನೇ ನೋಡುತ್ತವೆ. ಮೊದಲ ದಿನ ನಾನು ಕಿರುಚಿದ್ದೆ. ಚಿಕ್ಕಮ್ಮ ಮಾತ್ರ ಅವುಗಳ ನಡುವೆ ಬದನೆಕಾಯಿ ಆರಿಸುವವಳ ಹಾಗೆ ಕೈಯಾಡಿಸುತ್ತಾಳೆ. ಮನುಷ್ಯರ ಮುಖ ನೋಡಿ ಮಾತನಾಡಲಾರದೆ ನೆಲ ನೋಡುವವಳು, ಕುಂಚ ಹಿಡಿದರೆ ಎದುರು ಕೂತವರ ಕಣ್ಣಲ್ಲಿ ಕಣ್ಣಿಟ್ಟು ಅರ್ಧ ಗಂಟೆ ನೋಡುತ್ತಾಳೆ. ಆಗ ಅವಳ ಕೈ ನಡುಗಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

ಅವಳಿಗೆ ಈ ಕೆಲಸ ಕಲಿಸಿದವರು ಒಬ್ಬ ಮೇಷ್ಟ್ರು. ಅವರು ಹೋಗಿ ಹನ್ನೆರಡು ವರ್ಷವಾಯಿತು, ಅವರ ಕಾನೂನು ಇನ್ನೂ ಹೋಗಿಲ್ಲ. ಈ ಬಾಗಿಲ ಒಳಗೆ ನಕಲಿ ಎಂಬ ಮಾತು ಬರಕೂಡದು. ಕೃತಕ ಎನ್ನಬಾರದು, ಗಾಜು ಎನ್ನಬಾರದು, ಪ್ಲಾಸ್ಟಿಕ್ ಎನ್ನಬಾರದು. ಮರದ ಕಾಲು ಅಂತ ಹೇಳಿದರೆ ಮನುಷ್ಯ ಮರ ಹೊತ್ತುಕೊಂಡು ನಡೆಯುತ್ತಾನೆ, ಕಾಲು ಅಂತ ಹೇಳಿದರೆ ನಡೆಯುತ್ತಾನೆ ಎನ್ನುತ್ತಿದ್ದರಂತೆ. ಹಾಗಾಗಿ ನಮ್ಮಲ್ಲಿ ಎಲ್ಲವೂ ಬರೀ ಕಣ್ಣು. ಲಾರಿಯವನ ಕಣ್ಣು ಒಣಗಿತಾ, ಟೀಚರಮ್ಮನ ಕಣ್ಣು ಪಾಲಿಶ್‌ಗೆ ಹಾಕಿದೆಯಾ, ನಾಳೆ ಎರಡು ಕಣ್ಣು ಕೊಡಬೇಕು. ಹೊರಗಿನವರು ಮೆಟ್ಟಿಲಲ್ಲಿ ನಿಂತು ಕೇಳಿದರೆ ಪೊಲೀಸರನ್ನು ಕರೆಯಬೇಕು, ಹಾಗಿರುತ್ತದೆ ನಮ್ಮ ಮಾತು. ಕೇಳಿ ಕೇಳಿ ನನಗೆ ಅದು ವಿಚಿತ್ರ ಎನಿಸುವುದೇ ನಿಂತುಹೋಗಿತ್ತು. ತಪ್ಪು ಶುರುವಾದದ್ದು ಅಲ್ಲಿಂದ.

ಏಳು ವರ್ಷದ ಒಂದು ಹುಡುಗಿ ನಮ್ಮಲ್ಲಿಗೆ ಬರುತ್ತಿದ್ದಳು. ಬಾಯಿ ತೆರೆದರೆ ಮುಚ್ಚದ ಅವಳಿಗೆ ನಾನು ವಟವಟ ಎಂದು ಹೆಸರಿಟ್ಟಿದ್ದೆ. ಕಾಯಿಲೆ ಬಂದು ಅವಳ ಎಡಗಣ್ಣನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿಸುವ ಕೆಲಸದವಳು, ಮಾತು ಕಡಿಮೆ. ಆಪರೇಷನ್ ಆದ ದಿನ ಮಗುವಿನ ಅಳು ನಿಲ್ಲಿಸಲು ಆಕೆ ಒಂದು ಮಾತು ಹೇಳಿದ್ದಳು: ನಿನ್ನ ಕಣ್ಣು ರಿಪೇರಿಗೆ ದೂರದೇಶಕ್ಕೆ ಹೋಗಿದೆ, ಬರುತ್ತೆ. ನಾವು ಆ ಮಾತನ್ನು ತಿದ್ದಲು ಹೋಗಲಿಲ್ಲ. ಮೇಷ್ಟ್ರ ಕಾನೂನಿಗೂ ಅದಕ್ಕೂ ಚೆನ್ನಾಗಿಯೇ ಹೊಂದಿಕೊಂಡಿತು. ಪ್ರತಿ ಶನಿವಾರ ಬಂದು ಆ ಹುಡುಗಿ ಚಿಕ್ಕಮ್ಮನನ್ನು ಕೇಳುತ್ತಿದ್ದಳು, "ಕಣ್ಣಮ್ಮಾ, ನನ್ನ ಕಣ್ಣು ಎಲ್ಲೀವರೆಗೆ ಬಂತು?"

ದೂರದೇಶ ಎನ್ನುವುದು ಮಾತ್ರ ನಿಜವಾಗಿತ್ತು. ನಾವು ಮಾಡುವ ಪ್ಲಾಸ್ಟಿಕ್ ಕಣ್ಣು ಅವಳ ಮೈಗೆ ಒಗ್ಗಲಿಲ್ಲ. ಇಟ್ಟ ಎರಡು ಗಂಟೆಗೆ ಕೆಂಪೇರಿ ನೀರು ಸುರಿಯುತ್ತಿತ್ತು. ಅದು ತನ್ನ ಕಣ್ಣು ಬರುವವರೆಗೆ ಜಾಗ ಕಾಯುವ ಬೊಂಬೆ ಎಂದು ಹುಡುಗಿ ತಿಳಿದಿದ್ದಳು. ಗಾಜಿನದು ಬೇಕು, ಅದನ್ನು ಬೆಂಕಿಯ ಮುಂದೆ ಊದಿ ಮಾಡುವವರು ಬೇರೆ ದೇಶದಲ್ಲಿದ್ದಾರೆ. ಮೇಷ್ಟ್ರಿಗೆ ಪರಿಚಯವಿದ್ದ ಒಬ್ಬ ಮುದುಕನಿಗೆ ನಾವು ಹುಡುಗಿಯ ಕಣ್ಣುಗುಳಿಯ ಅಚ್ಚು ಕಳಿಸಿದೆವು. ಜೊತೆಗೆ ಅವಳ ಬಲಗಣ್ಣಿನ ಚಿತ್ರ, ಚಿಕ್ಕಮ್ಮನೇ ಬರೆದದ್ದು. ಕಂದು ಬಣ್ಣ, ಪಾಪೆಯ ಕೆಳಗೆ ಎಳ್ಳಿನಷ್ಟು ಒಂದು ಜೇನುಬಣ್ಣದ ಚುಕ್ಕೆ. ಆ ಚುಕ್ಕೆಗಾಗಿ ಅವಳು ಎರಡು ದಿನ ತೆಗೆದುಕೊಂಡಿದ್ದಳು.

ಮೂರು ತಿಂಗಳ ಮೇಲೆ ಮುದುಕನಿಂದ ಸುದ್ದಿ ಬಂತು, ಕಣ್ಣು ಸಿದ್ಧವಾಗಿದೆ ಎಂದು. ನಿಮ್ಮ ದೇಶದ ಸುಂಕದವರಿಗೆ ತಿಳಿಯುವಂತೆ ಪೆಟ್ಟಿಗೆಯ ಮೇಲೆ ನಿಮ್ಮ ಭಾಷೆಯಲ್ಲಿ ಏನು ಬರೆಯಲಿ ಎಂದು ಕೇಳಿದ್ದ. ನಾನು ಚಿಕ್ಕಮ್ಮನನ್ನು ಕೇಳಿದೆ. ಅವಳು ಕುಂಚದಿಂದ ತಲೆ ಎತ್ತದೆ, ಏನಿದೆಯೋ ಅದನ್ನೇ ಬರಿ ಎಂದಳು. ನಾನು ಬರೆದೆ: ಏಳು ವರ್ಷದ ಹುಡುಗಿಯ ಎಡಗಣ್ಣು, ಒಂದು. ಬರೆದು ನೋಡಿದೆ, ಕಾಗುಣಿತ ಸರಿಯಿತ್ತು, ಕಳಿಸಿದೆ. ಆ ಮುದುಕ ನಮ್ಮ ಅಕ್ಷರಗಳನ್ನು ಒಂದೊಂದಾಗಿ ಚಿತ್ರ ಬರೆದಂತೆ ನಕಲು ಮಾಡಿ ಪೆಟ್ಟಿಗೆಗೆ ಅಂಟಿಸಿದ.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಮ್ಮ ಹೆದರಿಕೆ ಅರ್ಥವಾಗುವುದಿಲ್ಲ. ಓಲೆ ಹಾಕದೆ ಬಿಟ್ಟರೆ ಕಿವಿಯ ತೂತು ಮುಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಕಣ್ಣುಗುಳಿ. ಅದರಲ್ಲೂ ಬೆಳೆಯುವ ಮಗುವಿನದು. ಅಳತೆ ಕೊಟ್ಟು ಮೂರು ತಿಂಗಳಾಗಿತ್ತು. ಪ್ರತಿ ಶನಿವಾರ ಚಿಕ್ಕಮ್ಮ ಅದೇ ಅಳತೆಯ ಒಂದು ಮೇಣದ ಗುಂಡನ್ನು ಅವಳ ರೆಪ್ಪೆಯೊಳಗೆ ಜಾರಿಸಿ ನೋಡುತ್ತಿದ್ದಳು. ಮೊದಮೊದಲು ಸಲೀಸಾಗಿ ಹೋಗುತ್ತಿತ್ತು. ಆಮೇಲೆ ರೆಪ್ಪೆಯನ್ನು ಬೆರಳಿಂದ ಹಿಡಿದೆತ್ತಬೇಕಾಯಿತು. ಆಮೇಲೊಂದು ಶನಿವಾರ ಹುಡುಗಿ ನೋವೆಂದು ಅತ್ತಳು. ಅವಳು ಹೋದ ಮೇಲೆ ಚಿಕ್ಕಮ್ಮ ಮೇಣದ ಗುಂಡನ್ನು ತೊಳೆಯುತ್ತ ನನಗೆ ಮಾತ್ರ ಕೇಳುವಂತೆ ಮುಚ್ಚಿಕೊಳ್ಳುತ್ತಿದೆ ಎಂದಳು. ಮುಚ್ಚಿಕೊಂಡರೆ ಮತ್ತೆ ಆಪರೇಷನ್, ಅದಾದ ಮೇಲೂ ಕಣ್ಣು ಕೂತೀತೆಂಬ ಭರವಸೆ ಇಲ್ಲ. ಇನ್ನೊಂದು ಮಾಡಿಸೋಣವೆಂದರೆ ಮತ್ತೆ ಮೂರು ತಿಂಗಳು.

ಪೆಟ್ಟಿಗೆ ನಮ್ಮ ದೇಶಕ್ಕೆ ಬಂದಿದೆ ಎಂದು ಫೋನಿನಲ್ಲಿ ತೋರಿಸಿತು. ಮರುದಿನ, ತಡೆಹಿಡಿಯಲಾಗಿದೆ ಎಂದು ತೋರಿಸಿತು. ಅದರ ಮರುದಿನವೂ ಅದೇ. ಎರಡೂವರೆ ವಾರ ಕಳೆದರೂ ಅದೇ. ಅವರ ನಂಬರಿಗೆ ಕರೆ ಮಾಡಿದರೆ ಒಂದು ಹೆಣ್ಣು ದನಿ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಸಂಗೀತ ಹಾಕುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಆದರೆ ಅದೇ ಹೊತ್ತಿಗೆ ಚಿಕ್ಕಮ್ಮ ಪೆಟ್ಟಿಗೆಯ ಬಗ್ಗೆ ಕೇಳುವುದನ್ನೇ ಬಿಟ್ಟಳು. ಊಟ ಅರ್ಧಕ್ಕೆ ಬಿಟ್ಟಳು. ಮೆಟ್ಟಿಲ ಮೇಲೆ ಯಾರದೇ ಕಾಲಸಪ್ಪಳವಾದರೂ ಎದ್ದು ನಿಲ್ಲತೊಡಗಿದಳು. ಎಂದಿನ ಪುಕ್ಕಲು ಎಂದು ನಾನು ಸುಮ್ಮನಿದ್ದೆ.

ಅವಳು ಹೀಗಾದ ಮೂರನೆಯ ದಿನ ಬಣ್ಣ ಹುಡುಕಲು ಅವಳ ಡ್ರಾಯರ್ ಎಳೆದೆ. ಹಸಿರು ಬಟ್ಟೆ ಒಂದು ಮೂಲೆಯಲ್ಲಿ ಉಬ್ಬಿತ್ತು. ಎತ್ತಿ ನೋಡಿದರೆ ಕೆಳಗೆ ಒಂದು ಸರ್ಕಾರಿ ಲಕೋಟೆ, ಒಡೆದು ಓದಿ ಮತ್ತೆ ಮಡಿಸಿಟ್ಟದ್ದು. ಒಳಗಿನ ಭಾಷೆ ಹೀಗಿತ್ತು: ಸದರಿ ಪೊಟ್ಟಣದಲ್ಲಿ ಅಪ್ರಾಪ್ತ ಬಾಲಕಿಯ ಅಂಗ ಇರುವುದಾಗಿ ಘೋಷಿಸಲ್ಪಟ್ಟಿದ್ದು, ಸದರಿ ಅಂಗವನ್ನು ಶೀತಲೀಕರಣದಲ್ಲಿ ಇರಿಸಲಾಗಿದೆ. ತಾವು ಸದರಿ ಬಾಲಕಿಯೊಂದಿಗೆ ಖುದ್ದು ಹಾಜರಾಗಿ ವಿವರಣೆ ನೀಡತಕ್ಕದ್ದು. ಮೂವತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದಲ್ಲಿ ಸದರಿ ಅಂಗವನ್ನು ದಹಿಸಲಾಗುವುದು ಹಾಗೂ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು.

ನಾನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ದಿನ ಲೆಕ್ಕ ಹಾಕಿದೆ. ಪೆಟ್ಟಿಗೆ ತಡೆಹಿಡಿದಾಗಿನಿಂದ ಇಪ್ಪತ್ತೊಂದು ಕಳೆದಿತ್ತು. ಅದರಲ್ಲಿ ಮೂರು ದಿನ ಆ ಕಾಗದ ಇಲ್ಲೇ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅರವತ್ತು ಕಣ್ಣುಗಳ ಅಡಿಯಲ್ಲಿ ಮಲಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿ ನೋಡಿದರೆ ಚಿಕ್ಕಮ್ಮ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ನಾನು ಮಗೂ ಕಣ್ಣು ಕಿತ್ತಿದೀನಿ ಅಂತ ತಿಳ್ಕೊಂಡಿದಾರೆ ಕಣೇ," ಎಂದಳು. "ಸುಟ್ಟುಹಾಕ್ತಾರಂತೆ."

ಬೈಯುವ ಬದಲು ಕಾಗದ ಮಡಿಸಿಟ್ಟೆ. ಬರೆದವಳು ನಾನು, ಜೈಲಿಗೆ ಹೋಗುವುದಾದರೆ ನಾನೇ ಹೋಗುತ್ತೇನೆ ಎಂದು ತಮಾಷೆ ಮಾಡಲು ನೋಡಿದೆ. ಅವಳು ಅಳತೊಡಗಿದಳು. ಸಂಜೆ ನನ್ನಮ್ಮ ಫೋನಿನಲ್ಲಿ ಇಬ್ಬರಿಗೂ ಬೈದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಕೆಲಸ ಆಗುವುದಿಲ್ಲ, ಇರುವ ಕಾಗದವನ್ನೆಲ್ಲ ಹೊತ್ತುಕೊಂಡು ಬೆಳಗಾಗುತ್ತಲೇ ಹೋಗಿ ಎಂದಳು. ನಾನು ಆಸ್ಪತ್ರೆಯ ಚೀಟಿ, ನಮ್ಮ ಪರವಾನಗಿ, ಕಣ್ಣುಗುಳಿಯ ಇನ್ನೊಂದು ಅಚ್ಚು ಎಲ್ಲವನ್ನೂ ಚೀಲಕ್ಕೆ ಹಾಕಿದೆ. ಚಿಕ್ಕಮ್ಮ ತನ್ನದೊಂದು ಚೀಲ ಬೇರೆ ತಂದಿದ್ದಳು. ಅದರಲ್ಲಿ ಒಂದು ಜೊತೆ ಬಟ್ಟೆ, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು ಇದ್ದವು.

ಹುಡುಗಿಯ ತಾಯಿಗೆ ರಜೆ ಸಿಗಲಿಲ್ಲ. ನಮ್ಮ ಬಾಗಿಲವರೆಗೆ ತಂದು ಬಿಟ್ಟು, ಮಗಳ ಎಡಗೈಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಕಾರ್ಖಾನೆಗೆ ಓಡಿದಳು. ಎಡಗೈಯನ್ನೇ ಯಾಕೆ ಕೊಟ್ಟಳು ಎಂದು ನಾವಿಬ್ಬರೂ ಯೋಚಿಸಲಿಲ್ಲ. ವಟವಟ ಹುಡುಗಿಗೆ ಅದು ಹಬ್ಬವಾಗಿತ್ತು, ಶಾಲೆ ತಪ್ಪಿತ್ತು, ಕಣ್ಣು ಸಿಗುವುದಿತ್ತು. ಬಸ್ಸಿನ ತುಂಬ ಮಾತು. ಕಣ್ಣಿಗೆ ದಾರಿಯಲ್ಲಿ ಚಳಿಯಾಗಿರುತ್ತದಾ, ಕತ್ತಲೆ ಪೆಟ್ಟಿಗೆಯಲ್ಲಿ ಅದಕ್ಕೆ ಹೆದರಿಕೆಯಾಗುವುದಿಲ್ಲವಾ, ಅಲ್ಲಿಯ ದೇಶವನ್ನೆಲ್ಲ ಅದು ನೋಡಿರುತ್ತದಲ್ಲ, ಹಾಕಿಕೊಂಡ ಮೇಲೆ ನನಗೂ ಕಾಣುತ್ತದಾ. ನಾನು ನಗುತ್ತ ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಅವಳು ಹೇಳಿದಳು, ಆ ಕಡೆಯೂ ಕಾಣತೊಡಗಿದ ಮೇಲೆ ಶಾಲೆಗೆ ತಾನೊಬ್ಬಳೇ ಹೋಗುತ್ತೇನೆ, ಅಮ್ಮ ದಿನಾ ಬಂದು ಬಿಡಬೇಕಾಗಿಲ್ಲ, ತಡವಾಗಿ ಹೋದದ್ದಕ್ಕೆ ಕಾರ್ಖಾನೆಯಲ್ಲಿ ಬೈಸಿಕೊಳ್ಳಬೇಕಾಗಿಲ್ಲ.

ನನ್ನ ನಗು ನಿಂತಿತು. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿಬಿಟ್ಟಳು. ಇಷ್ಟು ತಿಂಗಳಲ್ಲಿ ನಾವು ಆ ಹುಡುಗಿಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ನಿಜವನ್ನೂ ಹೇಳಿರಲಿಲ್ಲ.

ಬಸ್ಸಿನಿಂದ ಇಳಿದ ಮೇಲೆ ಸುಂಕದ ಕಚೇರಿಗೆ ಅಗಲವಾದ ಒಂದು ಏಕಮುಖ ರಸ್ತೆ ದಾಟಬೇಕಿತ್ತು. ಕಚೇರಿಯ ಗೇಟಿನಲ್ಲಿ ಸಮವಸ್ತ್ರದವರು ನಿಂತಿದ್ದನ್ನು ಕಂಡು ಚಿಕ್ಕಮ್ಮನ ಕಾಲು ನೆಲಕ್ಕೆ ಅಂಟಿತು. ನಾನು ಅವಳನ್ನು ಸಮಾಧಾನ ಮಾಡುತ್ತಿದ್ದೆ. ಮಾತಿಗೆ ಅನುಕೂಲವೆಂದು ಇಬ್ಬರೂ ಹುಡುಗಿಯ ಬಲಗಡೆ ನಿಂತಿದ್ದೆವು. ಅವಳಿಗೆ ತಡೆಯಲಾಗಲಿಲ್ಲ, ಕಣ್ಣು ಎದುರಿಗೇ ಇದೆಯಲ್ಲ, ರಸ್ತೆಗೆ ಇಳಿದುಬಿಟ್ಟಳು. ಎಡಗಡೆಯಿಂದ ಸಾಮಾನಿನ ವ್ಯಾನೊಂದು ಬರುತ್ತಿತ್ತು. ಅವಳು ಆ ಕಡೆ ತಿರುಗಲೇ ಇಲ್ಲ. ತಿರುಗಲು ಅವಳಿಗೆ ಏನೂ ಕಂಡಿರಲಿಲ್ಲ.

ಚಿಕ್ಕಮ್ಮ ಹೇಗೆ ಹಾರಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಿಯ ಕಾಲರ್ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಪಾದಚಾರಿ ದಾರಿಯ ಮೇಲೆ ಬಿದ್ದರು. ವ್ಯಾನಿನ ಕನ್ನಡಿ ಹುಡುಗಿಯ ಬೆನ್ನಚೀಲಕ್ಕೆ ತಗುಲಿ ಚೀಲದ ಪಟ್ಟಿ ಕಿತ್ತುಬಂತು. ಚಾಲಕ ಏನೋ ಬೈದು ಹೋದ. ಹುಡುಗಿ ಮೊಣಕಾಲು ಒರೆಸಿಕೊಂಡು ಎದ್ದಳು, ಅವಳಿಗೆ ಹೆದರಿಕೆಯೂ ಆಗಿರಲಿಲ್ಲ.

"ಕಣ್ಣು ಬಂದ್ಮೇಲೆ ಹೀಗಾಗಲ್ಲ ಅಲ್ವಾ ಕಣ್ಣಮ್ಮಾ?" ಎಂದಳು.

ಚಿಕ್ಕಮ್ಮನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬೇರೆಯವರಾಗಿದ್ದರೆ ಅದು ವ್ಯಾನಿನ ಹೆದರಿಕೆ ಎಂದುಕೊಳ್ಳುತ್ತಿದ್ದೆ. ಆದರೆ ಇಂಥ ಮುಖ ನಾನು ಹಿಂದೆ ಕಂಡಿರಲಿಲ್ಲ. ಅವಳು ಹುಡುಗಿಯನ್ನು ನೋಡುತ್ತಿದ್ದಳು, ಆ ಹುಡುಗಿ ಒಬ್ಬಳೇ ದಾಟುವ ನಾಳೆಯ ಇನ್ನೊಂದು ರಸ್ತೆಯನ್ನು ನೋಡುತ್ತಿದ್ದಳು. ಗೇಟಿನ ಸಮವಸ್ತ್ರದವರ ಮುಂದೆ ತಲೆ ತಗ್ಗಿಸದೆ ನಡೆದುಹೋದಳು, ಅವರಿದ್ದದ್ದು ಅವಳಿಗೆ ಕಾಣಲೇ ಇಲ್ಲವೇನೋ.

ಒಳಗೆ ದೊಡ್ಡ ಹಜಾರ, ಸಾಲು ಕುರ್ಚಿಗಳು, ಚೀಟಿ ಸಂಖ್ಯೆ ಕೂಗುವ ಯಂತ್ರ. ಮೋಟಾರಿನ ಭಾಗಗಳಿಗೆ ಸುಂಕ ಹೆಚ್ಚಾಯಿತೆಂದು ಒಬ್ಬ ವಾದಿಸುತ್ತಿದ್ದ. ಮಗಳಿಗೆ ಬಂದ ಬೂಟು ಆರು ವಾರದಿಂದ ಇಲ್ಲೇ ಇದೆ, ಅಷ್ಟರಲ್ಲಿ ಅವಳ ಕಾಲೇ ಬೆಳೆದುಹೋಯಿತು ಎಂದು ಒಬ್ಬಾಕೆ ಗೊಣಗುತ್ತಿದ್ದಳು. ಆ ಮಾತು ಕೇಳಿ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಎರಡು ಗಂಟೆಯ ಮೇಲೆ ನಮ್ಮ ಸಂಖ್ಯೆ ಬಂತು. ಕಿಟಕಿಯಲ್ಲಿದ್ದವನು ನಮ್ಮ ಕಾಗದ ನೋಡಿ, ಆಮೇಲೆ ನಮ್ಮನ್ನು ನೋಡಿ, ಒಳಗಿನ ಕೋಣೆಗೆ ಕಳಿಸಿದ. ನಾವು ಒಳಗೆ ಹೋಗುತ್ತಲೇ ಹಿಂದೆ ಬಾಗಿಲು ಮುಚ್ಚಿತು. ಚಿಕ್ಕಮ್ಮ ತನ್ನ ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡಳು.

ಅಧಿಕಾರಿ ಐವತ್ತು ದಾಟಿದ ಮನುಷ್ಯ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಮೊದಲು ಹುಡುಗಿಯನ್ನು ಹತ್ತಿರ ಕರೆದು ಹೆಸರು, ಶಾಲೆ, ಮನೆ ಕೇಳಿದ. ಈ ಅಮ್ಮ ನಿನಗೆ ಏನಾದರೂ ಮಾಡಿದರಾ ಎಂದು ಕೇಳಿದ. ಹುಡುಗಿ, ಇವರು ಕಣ್ಣಮ್ಮ, ನನ್ನ ಕಣ್ಣು ತರಿಸಿಕೊಡುವವರು ಎಂದಳು. ಆಸ್ಪತ್ರೆಯ ಚೀಟಿಯನ್ನು ಅವನು ಬೆರಳಿಟ್ಟು ಸಾಲುಸಾಲಾಗಿ ಓದಿದ. ಓದುತ್ತ ಓದುತ್ತ ಅವನ ಭುಜ ಇಳಿಯಿತು. ಎಕ್ಸ್‌ರೇ ಯಂತ್ರದಲ್ಲಿ ದುಂಡಗೆ ಏನೋ ಕಂಡಿತ್ತು, ಮೇಲೆ ಹೀಗೆ ಬರೆದಿತ್ತು, ಬಿಚ್ಚಿ ನೋಡುವ ಧೈರ್ಯ ತನಗೆ ಬರಲಿಲ್ಲ, ತನಗೂ ಹೆಣ್ಣುಮಕ್ಕಳಿದ್ದಾರೆ ಎಂದು ಹೇಳಿಕೊಂಡ. ಇಪ್ಪತ್ತೆರಡು ದಿನ ಆ ಮನುಷ್ಯನೂ ನಮ್ಮಂತೆಯೇ ಹೆದರಿಕೊಂಡು ಕೂತಿದ್ದ ಎಂದು ತಿಳಿದು ನನಗೆ ಒಂದು ಗಳಿಗೆ ಅಯ್ಯೋ ಎನಿಸಿತು.

ಅವನು ಮೂಲೆಯ ಫ್ರಿಜ್ಜಿನ ಬಾಗಿಲು ತೆರೆದ. ಒಳಗೆ ಲಸಿಕೆಯ ಪೆಟ್ಟಿಗೆಗಳ ನಡುವೆ ನಮ್ಮ ಪುಟ್ಟ ಪೆಟ್ಟಿಗೆ ಇತ್ತು, ಮೇಲೆ ಮುದುಕನ ಕೈಯ ಸೊಟ್ಟ ಸೊಟ್ಟ ಅಕ್ಷರ. ತಂದು ಮೇಜಿನ ಮೇಲಿಟ್ಟು ಕತ್ತರಿ ಎತ್ತಿಕೊಂಡ.

"ಮುಟ್ಟಬೇಡಿ," ಎಂದಳು ಚಿಕ್ಕಮ್ಮ.

ಜೋರಾಗಿ ಹೇಳಲಿಲ್ಲ, ಆದರೆ ಅಧಿಕಾರಿಯ ಕೈ ನಿಂತಿತು. ಅಷ್ಟು ತಣ್ಣಗಿನದಕ್ಕೆ ಒಮ್ಮೆಲೇ ಬಿಸಿಗಾಳಿ ತಗುಲಿದರೆ ಸೀಳುಬಿಡುತ್ತದೆ, ಅರ್ಧ ಗಂಟೆ ಹಾಗೇ ಬಿಡಬೇಕು ಎಂದಳು. ಅವನು ಕತ್ತರಿ ಕೆಳಗಿಟ್ಟ. ನಾವು ನಾಲ್ವರೂ ಸುತ್ತ ಕೂತು ಆ ಪೆಟ್ಟಿಗೆಯನ್ನು ನೋಡುತ್ತ ಕಾದೆವು. ಇಷ್ಟು ದಿನದ ಚಳಿಯಲ್ಲಿ ಒಳಗೆ ಆಗಲೇ ಒಡೆದಿದ್ದರೆ? ಚಿಕ್ಕಮ್ಮ ಎರಡೂ ಅಂಗೈಯನ್ನು ಪೆಟ್ಟಿಗೆಗೆ ಒತ್ತಿ ಕೂತಿದ್ದಳು. ಆಮೇಲೆ ತಾನೇ ಬಿಚ್ಚಿದಳು. ಹತ್ತಿ, ಹತ್ತಿಯ ಒಳಗೆ ತೆಳುಕಾಗದ, ಅದರೊಳಗೆ ಅದು. ಕಂದು ಬಣ್ಣ, ಪಾಪೆಯ ಕೆಳಗೆ ಎಳ್ಳಿನಷ್ಟು ಜೇನು. ಒಡೆದಿರಲಿಲ್ಲ. ಅಧಿಕಾರಿ ಕನ್ನಡಕ ಏರಿಸಿಕೊಂಡು ಅದನ್ನು ನೋಡಿದ, ಹುಡುಗಿಯ ಬಲಗಣ್ಣನ್ನು ನೋಡಿದ, ಮತ್ತೆ ಅದನ್ನು ನೋಡಿದ.

ವೈದ್ಯಕೀಯ ವಸ್ತುವಾದ್ದರಿಂದ ಸುಂಕ ಇಲ್ಲವಂತೆ. ಆದರೆ ಫ್ರಿಜ್ಜಿನಲ್ಲಿಟ್ಟ ಬಾಡಿಗೆ ಇಪ್ಪತ್ತೆರಡು ದಿನಕ್ಕೆ ಕಟ್ಟಲೇಬೇಕಂತೆ. ಇದಕ್ಕೆ ತಂಪು ಯಾಕೆ ಬೇಕಿತ್ತು ಎಂದು ನಾನು ಜಗಳಕ್ಕೆ ನಿಂತೆ. ಹುಡುಗಿಯ ಕಣ್ಣು ಅಂತ ಬರೆದಿದ್ದು ನೀವೇ ಅಲ್ವಾ ಎಂದ. ಕೊನೆಗೆ ಒಂದು ಹಾಳೆ ಮುಂದಿಟ್ಟ. ಮೊದಲಿನ ಘೋಷಣೆ ತಪ್ಪು ಎಂದು ಚಿಕ್ಕಮ್ಮ ಸ್ವಂತ ಕೈಯಲ್ಲಿ ಬರೆದು, ಬಾಲಕಿಯ ಎದುರಿಗೆ ಓದಿ ಹೇಳಿ, ಸಹಿ ಮಾಡಬೇಕು. ಮೂರೇ ಸಾಲು. ಇದು ಕಣ್ಣಲ್ಲ. ಇದು ಗಾಜಿನಿಂದ ಮಾಡಿದ್ದು. ಇದರಿಂದ ನೋಡಲು ಸಾಧ್ಯವಿಲ್ಲ.

ಚಿಕ್ಕಮ್ಮ ಪೆನ್ನು ಹಿಡಿದಳು. ಒಂದೇ ಕೂದಲಿನ ಕುಂಚದಲ್ಲಿ ರಕ್ತನಾಳ ಬರೆಯುವ ಕೈ ಗಡಗಡ ನಡುಗತೊಡಗಿತು. ಮಗುವನ್ನು ಹೊರಗೆ ಕೂರಿಸಬಹುದೇ ಎಂದು ಕೇಳಿದಳು. ಆಗುವುದಿಲ್ಲ, ನಿಯಮ ಹಾಗಿದೆ ಎಂದ. ಬೇಕಾದರೆ ನಾನು ಸಹಿ ಹಾಕುತ್ತೇನೆ, ಬರೆದವಳು ನಾನೇ ಎಂದೆ. ಅದೂ ಆಗುವುದಿಲ್ಲ ಎಂದ. ಹುಡುಗಿ ಮೇಜಿನ ಅಂಚಿಗೆ ಗದ್ದ ಊರಿ ತನ್ನ ಕಣ್ಣನ್ನೇ ನೋಡುತ್ತಿದ್ದಳು, ವಟವಟ ನಿಂತಿತ್ತು.

ಚಿಕ್ಕಮ್ಮ ಪೆನ್ನು ಕೆಳಗಿಟ್ಟಳು. ಕುರ್ಚಿಯಿಂದ ಇಳಿದು ಹುಡುಗಿಯ ಮುಂದೆ ನೆಲದ ಮೇಲೆ ಕೂತಳು. ಕುಂಚ ಕೈಯಲ್ಲಿಲ್ಲದೆ ಅವಳು ಒಬ್ಬರ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮರಿ, ಇದು ನಿನ್ನ ಹಳೇ ಕಣ್ಣಲ್ಲ," ಎಂದಳು. "ಅದು ಹೋಯ್ತು. ಇದು ಗಾಜು. ಇದಕ್ಕೆ ಕಾಣಲ್ಲ. ಯಾವತ್ತೂ ಕಾಣಲ್ಲ."

ಹುಡುಗಿ ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ಮುಟ್ಟಿದಳು.

"ಮತ್ತೆ ಇದು ಏನು ಮಾಡುತ್ತೆ?"

"ಪಕ್ಕದ ಕಣ್ಣಿಗೆ ಜೊತೆಗಿರುತ್ತೆ."

"ವ್ಯಾನು ಬಂದ್ರೆ?"

"ನೀನೇ ತಿರುಗಿ ನೋಡ್ಬೇಕು. ಯಾವಾಗ್ಲೂ, ದೊಡ್ಡೋಳಾದ್ಮೇಲೂ."

ಹುಡುಗಿ ಇನ್ನೇನು ಅಳುತ್ತಾಳೆ ಎಂದು ನಾನು ಅಂದುಕೊಂಡೆ. ಅವಳು ಕಿತ್ತುಹೋದ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಅಮ್ಮಂಗೆ ಗೊತ್ತಾ ಇದು?"

ಗೊತ್ತು ಎಂದು ಚಿಕ್ಕಮ್ಮ ತಲೆಯಾಡಿಸಿದಳು.

"ಅದಕ್ಕೇ ಅವಳು ಯಾವಾಗ್ಲೂ ನನ್ನ ಈ ಕಡೆ ನಡೆಯೋದು," ಎಂದು ಹುಡುಗಿ ತನ್ನ ಎಡಭುಜ ಮುಟ್ಟಿ ತೋರಿಸಿದಳು.

ಅಧಿಕಾರಿ ಕನ್ನಡಕ ತೆಗೆದು ಒರೆಸಲು ಶುರುಮಾಡಿದ. ಚಿಕ್ಕಮ್ಮ ಎದ್ದು ಮೂರು ಸಾಲು ಬರೆದಳು, ಓದಿದಳು, ಸಹಿ ಮಾಡಿದಳು. ಹೊರಗೆ ಬಂದು ನಾನು ಫ್ರಿಜ್ಜಿನ ಬಾಡಿಗೆ ಕಟ್ಟಿದೆ. ಒಂದು ಪೈಸೆಯೂ ಬಿಡಲಿಲ್ಲ, ಸುಂಕದವನು ಸುಂಕದವನೇ.

ಅಲ್ಲಿಗೆ ಎಲ್ಲ ಮುಗಿಯಿತೆಂದಲ್ಲ. ಕಣ್ಣು ಬಂದಿತ್ತು, ಆದರೆ ಕೂರಬೇಕಲ್ಲ. ಮಾರನೆಯ ದಿನ ಕಾರ್ಖಾನೆ ಬಿಟ್ಟ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಸುಂಕದ ಕಚೇರಿಯಲ್ಲಿ ನಡೆದದ್ದನ್ನು ಹುಡುಗಿ ಮನೆಯಲ್ಲಿ ಹೇಳಿರಲಿಲ್ಲ ಎಂದು ತಾಯಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೇಳೋಣವೆಂದು ನಾನು ಬಾಯಿ ತೆರೆದೆ, ಹುಡುಗಿ ನನ್ನನ್ನು ನೋಡಿದ ರೀತಿಗೆ ಮುಚ್ಚಿಕೊಂಡೆ. ಚಿಕ್ಕಮ್ಮ ಗಾಜನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ರೆಪ್ಪೆ ಎತ್ತಿದಳು. ಮೊದಲ ಸಲ ಹೋಗಲಿಲ್ಲ. ಎರಡನೆಯ ಸಲವೂ ಹೋಗಲಿಲ್ಲ. ಹುಡುಗಿ ಕುರ್ಚಿಯ ಕೈ ಬಿಗಿಹಿಡಿದಳು, ತಾಯಿ ಗೋಡೆಯ ಕಡೆ ತಿರುಗಿದಳು. ಚಿಕ್ಕಮ್ಮನ ಕೈ ಮಾತ್ರ ಸ್ಥಿರವಾಗಿತ್ತು. ಮೂರನೆಯ ಸಲ ಓರೆಯಾಗಿ ತಿರುಗಿಸಿ, ಕೆಳರೆಪ್ಪೆಯನ್ನು ಕೂದಲೆಳೆಯಷ್ಟು ಜಗ್ಗಿ ಒಳಗೆ ಬಿಟ್ಟಳು. ಕೂತಿತು. ಇನ್ನೊಂದು ವಾರ ತಡವಾಗಿದ್ದರೆ ಕೂರುತ್ತಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಕನ್ನಡಿ ಕೊಟ್ಟೆವು. ಹುಡುಗಿ ನೋಡಿಕೊಂಡಳು. ಆಮೇಲೆ ನಿಧಾನಕ್ಕೆ ಅಂಗೈ ಎತ್ತಿ ತನ್ನ ಬಲಗಣ್ಣನ್ನು ಮುಚ್ಚಿಕೊಂಡಳು. ತಾಯಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಎಷ್ಟು ಹೊತ್ತು ಹಾಗಿದ್ದಳೋ, ಕೈ ತೆಗೆದು, ಚೆನ್ನಾಗಿದೆ ಎಂದಳು. ಅಷ್ಟೇ.

ಹೊರಡುವಾಗ ನಾನೂ ಚಿಕ್ಕಮ್ಮನೂ ಕೆಳಗಿನ ಬಾಗಿಲವರೆಗೆ ಹೋದೆವು. ರಸ್ತೆಯ ಅಂಚಿನಲ್ಲಿ ತಾಯಿ ಎಂದಿನಂತೆ ಮಗಳ ಎಡಕ್ಕೆ ಬಂದು ನಿಂತಳು. ಹುಡುಗಿ ಅವಳ ಸೆರಗು ಹಿಡಿದು ಎಳೆದಳು.

"ಅಮ್ಮಾ, ನೀನು ಈ ಕಡೆ ಬಾ," ಎಂದಳು. "ಆ ಕಡೆ ನಾನೇ ನೋಡ್ಕೋತೀನಿ."

ತಾಯಿ ನಿಂತಲ್ಲೇ ನಿಂತಳು. ಮಗಳ ಮುಖ ನೋಡಿದಳು, ತಿರುಗಿ ನಮ್ಮ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು. ಕೆನ್ನೆ ಒರೆಸಿಕೊಂಡು ಬಲಕ್ಕೆ ಬಂದಳು. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು, ಉಗುರು ಒಳಗಿಳಿಯುವಷ್ಟು ಬಿಗಿಯಾಗಿ. ಹುಡುಗಿ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ರಸ್ತೆ ನೋಡಿದಳು. ಒಂದು ಲಾರಿ ಹೋಗಲು ಬಿಟ್ಟಳು, ಮತ್ತೊಮ್ಮೆ ತಿರುಗಿ ನೋಡಿದಳು, ಆಮೇಲೆ ತಾಯಿಯ ಕೈ ಹಿಡಿದು ದಾಟಿಸಿದಳು.